ಮೆದ್ವೇದ್‌ನಲ್ಲಿ ವೇದವಿಲ್ಲ

ಪ್ರಶ್ನೆ: ರಷ್ಯನ್ನರು ಕರಡಿಗೆ 'ಮೆದ್ವೇದ್' ಎನ್ನುತ್ತಾರಂತೆ. ಇದು ನಮ್ಮ 'ಮಧು' ಮತ್ತು 'ವೇದ' ಸೇರಿದ ಪದವಲ್ಲವೇ? ಹಾಗಿದ್ದರೆ ರಷ್ಯನ್ ಸಂಸ್ಕೃತದಿಂದಲೇ ಹುಟ್ಟಿತು ಎನ್ನಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಧು ನಿಮಗೆ ಕೇಳಿಸಿದ್ದು ಸರಿ. ವೇದ ಮಾತ್ರ ಅಲ್ಲಿಲ್ಲ. 'ಜೇನನ್ನು ಬಲ್ಲವನು' ಎಂದು ರಷ್ಯನ್ನರಲ್ಲೂ ಅನೇಕರು ಅರ್ಥ ಹೇಳುತ್ತಾರೆ, ಅದೂ ತಪ್ಪೇ.

ರಷ್ಯನ್ನರು, ಉಕ್ರೇನಿಯನ್ನರು ಮೊದಲಾದವರು ಸೇರಿದ ಸ್ಲಾವ್ ಜನರ ಬರವಣಿಗೆ ಶುರುವಾದದ್ದು 9ನೇ ಶತಮಾನದಲ್ಲಿ. ಅದಕ್ಕೂ ಹಿಂದಿನ ಮೂಲ ಸ್ಲಾವಿಕ್ ನುಡಿಯ ಒಂದು ಸಾಲೂ ಉಳಿದಿಲ್ಲ. ಮಗಳು ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಕಟ್ಟಿಕೊಂಡ ರೂಪ *ಮೆದ್ವೇದಿ. ನಕ್ಷತ್ರ ಚಿಹ್ನೆ ಅದರ ಗುರುತು. ಬಿಡಿಸಿದರೆ 'ಮೆದು' ಎಂದರೆ ಜೇನು, 'ಏದ್' ಎಂದರೆ ತಿನ್ನು. ನಡುವಿನ ವಕಾರ 'ಮೆದು'ವಿನ ಉಕಾರದಿಂದಲೇ ಬಂದದ್ದು. ಮನು + ಅಂತರ = ಮನ್ವಂತರ ಎಂದು ಶಾಲೆಯಲ್ಲಿ ಕಲಿತ ಯಣ್ ಸಂಧಿ ನೆನಪಿಸಿಕೊಳ್ಳಿ. ಋಗ್ವೇದದಲ್ಲೂ ಇದರ ಜೊತೆಗಾರ ಪದವಿದೆ: 'ಮಧ್ವದಃ', ಜೇನುಣ್ಣುವವು. ಅಲ್ಲಿ ಅದು ಹಕ್ಕಿಗಳ ವಿಶೇಷಣ.

ಹಾಗಾದರೆ ಕರಡಿಯ ಹಳೆಯ ಹೆಸರು ಏನಾಯಿತು? ಸಂಸ್ಕೃತದ ಋಕ್ಷ, ಗ್ರೀಕಿನ ಆರ್ಕ್ತೋಸ್, ಲ್ಯಾಟಿನ್ನಿನ ಊರ್ಸುಸ್ ಒಂದೇ ಬೇರಿನವು. ಸ್ಲಾವಿಕ್‌ನಲ್ಲಿ ಆ ಬೇರು ಅಳಿಸಿಹೋಗಿದೆ. ಕಾಡಿನಲ್ಲಿ ಹೆಸರೆತ್ತಿದರೆ ಕರಡಿ ಬಂದೀತೆಂಬ ಭಯವೇ ಕಾರಣವೆಂಬುದು ವಿದ್ವಾಂಸರಲ್ಲಿ ಸಾಮಾನ್ಯವಾದ ಅಭಿಪ್ರಾಯ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವನ್ನು 'ಹುಳ' ಎನ್ನುವುದಿಲ್ಲವೇ, ಹಾಗೆ.

ವಿಭಕ್ತಿಯ ಕಥೆ ನನಗೆ ಇನ್ನೂ ಇಷ್ಟ. *ಮೆದ್ವೇದಿ ಇಕಾರಾಂತ ಪುಲ್ಲಿಂಗ. ನಮ್ಮ 'ಅಗ್ನಿ'ಯ ಬಂಧುವಾದ *ಓಗ್ನಿ ಕೂಡ ಅದೇ ಗುಂಪು. ಎರಡರ ಷಷ್ಠಿಯೂ ದೀರ್ಘ ಈಕಾರದಲ್ಲಿ ಮುಗಿಯುತ್ತಿತ್ತು. ಕಾಲಕ್ರಮದಲ್ಲಿ ಆ ಗುಂಪು ಕರಗಿ, ದೊಡ್ಡ ಗುಂಪಿನ ಪ್ರತ್ಯಯ ಹತ್ತಿಕೊಂಡಿತು. ಇಂದಿನ ರಷ್ಯನ್‌ನಲ್ಲಿ 'ಕರಡಿಯ' ಎನ್ನಲು 'ಮೆದ್ವೇದ್ಯ', 'ಬೆಂಕಿಯ' ಎನ್ನಲು 'ಅಗ್ನ್ಯಾ'. ಹಳೆಯ ಷಷ್ಠಿಯನ್ನು ಬಿಡದೆ ಉಳಿಸಿಕೊಂಡ ಪುಲ್ಲಿಂಗ ಪದ 'ಪುತ್' (ದಾರಿ) ಒಂದೇ, ಅದು ನಮ್ಮ 'ಪಥ'ದ ನಂಟ. ಇತ್ತ ಉಕ್ರೇನಿಯನ್ನರು ಅಕ್ಷರಗಳನ್ನೇ ಅದಲುಬದಲು ಮಾಡಿ 'ವೆದ್ಮೀದ್' ಎನ್ನುತ್ತಾರೆ. ಒಳಗಿನ ಜೇನು ಮರೆತುಹೋದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಸಂಸ್ಕೃತ, ಗ್ರೀಕ್, ಸ್ಲಾವಿಕ್ ಎಲ್ಲಕ್ಕೂ ತಾಯಿಯಾದ ಮೂಲಭಾಷೆಯ ಎಕಾರ ಸಂಸ್ಕೃತದಲ್ಲಿ ಅಕಾರವಾಯಿತು, ಹೀಗಾಗಿ ಮಧು. ಸ್ಲಾವಿಕ್‌ನ 'ಮೆದು', ಗ್ರೀಕಿನ 'ಮೆಥು' ಆ ಎಕಾರವನ್ನು ಉಳಿಸಿಕೊಂಡಿವೆ. ಸಂಸ್ಕೃತ ಕಳೆದುಕೊಂಡ ಸ್ವರವನ್ನು ರಷ್ಯನ್ ಸಂಸ್ಕೃತದಿಂದಲೇ ಪಡೆಯಲು ಸಾಧ್ಯವಿಲ್ಲ. ಇವೆರಡೂ ತಾಯಿ–ಮಗಳಲ್ಲ, ದೂರದ ದಾಯಾದಿಗಳು.