ಏನು ಬಿಡಿಸಲಿ? ಚಿತ್ರಕ್ಕೆ ವಿಷಯ ಹುಡುಕುವವರ ಪ್ರಶ್ನೆಗಳು

ಪ್ರಶ್ನೆ: ಹಾಳೆ, ಪೆನ್ಸಿಲ್ ಎಲ್ಲ ಸಿದ್ಧ ಮಾಡಿಕೊಂಡು ಕೂರುತ್ತೇನೆ. ಏನು ಬಿಡಿಸಬೇಕು ಅನ್ನುವುದೇ ಹೊಳೆಯುವುದಿಲ್ಲ. ಐಡಿಯಾ ಸಿಗಬಹುದೆಂದು ಮೊಬೈಲ್ ಹಿಡಿದರೆ ಒಂದು ಗಂಟೆ ಹೋಗಿರುತ್ತದೆ, ಹಾಳೆ ಮಾತ್ರ ಖಾಲಿ. ಸ್ಫೂರ್ತಿ ಬರುವುದು ಹೇಗೆ?

ಉತ್ತರ: ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಅದರಲ್ಲಿ ಕಾಣುವುದೆಲ್ಲ ಬೇರೆ ಯಾರೋ ಆಗಲೇ ಆರಿಸಿ, ಚೌಕಟ್ಟಿಗೆ ಕೂರಿಸಿ, ಬಣ್ಣ ತುಂಬಿ ಮುಗಿಸಿದ ಚಿತ್ರಗಳು. ಅಂಥವು ನೂರು ನೋಡಿದ ಮೇಲೆ ನಿಮ್ಮ ಮೇಜಿನ ಮೇಲಿನ ಲೋಟ ಸಪ್ಪೆಯಾಗಿ ಕಾಣದೆ ಇನ್ನೇನು? ಆರಿಸುವುದು ಚಿತ್ರಕಾರರ ಅರ್ಧ ಕೆಲಸ. ಅದನ್ನು ಇನ್ನೊಬ್ಬರಿಗೆ ಬಿಟ್ಟರೆ ನಿಮಗೆ ಉಳಿಯುವುದು ನಕಲು ಮಾಡುವುದಷ್ಟೇ.

ಇನ್ನೊಂದು ತೊಡಕೂ ಇದೆ. ನೀವು ಹುಡುಕುತ್ತಿರುವುದು ವಸ್ತುವನ್ನು, ಚಿತ್ರಕ್ಕೆ ಬೇಕಾದದ್ದು ವಿಷಯ. ಗಾಜಿನ ಲೋಟ ಒಂದು ವಸ್ತು. ‘ಲೋಟದ ನೆರಳಿನ ಒಳಗೇ ಒಂದು ಬೆಳಕಿನ ಗೆರೆ ಬಿದ್ದಿದೆ’ ಅನ್ನುವುದು ವಿಷಯ. ವಸ್ತುವಿಗೆ ಯಾವ ಮನೆಯಲ್ಲೂ ಬರವಿಲ್ಲ. ವಿಷಯ ಬೇಕಾದರೆ ಒಂದೇ ವಸ್ತುವಿನ ಮುಂದೆ ಹತ್ತು ನಿಮಿಷ ಕೂರಬೇಕಾಗುತ್ತದೆ.

ಮಾಡಿ ನೋಡಿ. ಗಾಜಿನ ಲೋಟದಲ್ಲಿ ಅರ್ಧ ನೀರು ತುಂಬಿ, ಅದರಲ್ಲೊಂದು ಚಮಚ ನಿಲ್ಲಿಸಿ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಬಿಳಿ ಹಾಳೆಯ ಮೇಲಿಡಿ. ಕೋಣೆಯ ಉಳಿದ ದೀಪಗಳನ್ನು ಆರಿಸಿ. ಮೊದಲ ಎರಡು ನಿಮಿಷ ಕಾಣುವುದು ಬರೀ ಲೋಟ. ಆಮೇಲೆ ಒಂದೊಂದಾಗಿ ಕಾಣತೊಡಗುತ್ತದೆ: ನೀರಿನ ಮಟ್ಟದಲ್ಲಿ ಚಮಚ ಮುರಿದಂತಿದೆ. ನೀರೊಳಗಿನ ಭಾಗ ಮೇಲಿನದಕ್ಕಿಂತ ದಪ್ಪ, ಏಕೆಂದರೆ ನೀರು ತುಂಬಿದ ದುಂಡು ಲೋಟ ಮಸೂರದಂತೆ ಕೆಲಸ ಮಾಡುತ್ತದೆ. ಅದೇ ಕಾರಣಕ್ಕೆ ಬೆಳಕು ಒಂದೆಡೆ ಕೂಡಿಕೊಂಡು ನೆರಳಿನ ನಡುವೆ ಬೆಳ್ಳಗೆ ಹೊಳೆಯುತ್ತದೆ. ಲೋಟದ ಬಾಯಿ, ನೀರಿನ ಮೇಲ್ಮೈ, ತಳ ಮೂರೂ ವೃತ್ತಗಳೇ ಆದರೂ ಮೂರೂ ಬೇರೆ ಬೇರೆ ಅಗಲದ ಅಂಡಾಕಾರಗಳಾಗಿ ಕಾಣುತ್ತವೆ. ಕಣ್ಣಿನ ಮಟ್ಟಕ್ಕೆ ಹತ್ತಿರವಿರುವುದು ಚಪ್ಪಟೆ, ಕೆಳಗಿರುವುದು ಹೆಚ್ಚು ದುಂಡು. ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಆ ಒಂದೇ ಇವತ್ತಿನ ಚಿತ್ರ. ಉಳಿದವು ನಾಳೆಗೆ.

ಹಿಡಿದದ್ದು ಜಾರಿಹೋಗದಿರಲು ಎರಡು ಉಪಾಯ. ಒಂದು, ರಟ್ಟಿನ ಚೌಕಟ್ಟು. ಅಂಗೈ ಅಗಲದ ದಪ್ಪ ಕಾಗದದ ನಡುವೆ 4 ಸೆಂ.ಮೀ. × 6 ಸೆಂ.ಮೀ. ಕಿಂಡಿ ಕತ್ತರಿಸಿ. ನಿಮ್ಮ ಹಾಳೆಯ ಅಳತೆ 20 × 30 ಆಗಿದ್ದರೆ ಪ್ರಮಾಣ ಸರಿಹೊಂದುತ್ತದೆ, ಬೇರೆ ಅಳತೆಯಾದರೆ ಕಿಂಡಿಯನ್ನೂ ಅದೇ ಪ್ರಮಾಣಕ್ಕೆ ಬದಲಿಸಿ. ಪ್ರಮಾಣ ಬೇರೆಯಾದರೆ ಕಿಂಡಿಯಲ್ಲಿ ಚೆಂದ ಕಂಡದ್ದು ಹಾಳೆಯಲ್ಲಿ ಒಂದು ಬದಿ ಖಾಲಿ ಬಿಟ್ಟು ಕೂರುತ್ತದೆ; ಎಷ್ಟೋ ಜನ ‘ಸಂಯೋಜನೆ ಬರುವುದಿಲ್ಲ’ ಎಂದು ಕೊರಗುವುದರ ಹಿಂದೆ ಇಷ್ಟೇ ಇರುತ್ತದೆ. ಕಿಂಡಿಯನ್ನು ಒಂದು ಕಣ್ಣಿನ ಮುಂದೆ ಹಿಡಿದು ಹತ್ತಿರ, ದೂರ, ಅಡ್ಡ, ಉದ್ದ ತಿರುಗಿಸುತ್ತ ನೋಡಿ.

ಇನ್ನೊಂದು, ಬಿಡಿಸುವ ಮುಂಚೆ ಹಾಳೆಯ ಅಂಚಿನಲ್ಲಿ ಒಂದು ವಾಕ್ಯ ಬರೆಯಿರಿ: ನನ್ನನ್ನು ನಿಲ್ಲಿಸಿದ್ದು ಯಾವುದು? ‘ಲೋಟ’, ‘ಮರ’, ‘ಅಜ್ಜಿಯ ಮುಖ’ ಎಂದು ಒಂದೆರಡು ಪದದಲ್ಲೇ ನಿಂತರೆ ಇನ್ನೂ ನೋಡಬೇಕು ಅಂತ ಅರ್ಥ. ‘ಕಪ್ಪು ಕಾಂಡದ ಹಿಂದೆ ಗೋಡೆ ಉರಿಯುವ ಹಾಗೆ ಬೆಳಗಿದೆ’ ಎಂದು ಎರಡು ಸಂಗತಿಗಳ ಸಂಬಂಧ ವಾಕ್ಯದಲ್ಲಿ ಬಂದರೆ ಚಿತ್ರ ಸಿಕ್ಕಿತು. ಆಮೇಲೆ ಎಲೆ ಎಷ್ಟಿವೆ, ಗೋಡೆಗೆ ಬಿರುಕು ಎಲ್ಲೆಲ್ಲಿದೆ ಎಂದು ಲೆಕ್ಕ ಹಾಕುತ್ತ ಕೂರಬೇಕಿಲ್ಲ. ವಾಕ್ಯಕ್ಕೆ ಬೇಡದ್ದನ್ನು ಧೈರ್ಯವಾಗಿ ಬಿಡಿ.

ಪ್ರಶ್ನೆ: ಬಿಡುವು ಸಿಗುವುದು ದಿನಕ್ಕೆ ಹದಿನೈದು ನಿಮಿಷ. ಅಷ್ಟರಲ್ಲಿ ಏನು ಸಾಧ್ಯ?

ಉತ್ತರ: ಪೂರ್ಣ ಚಿತ್ರ ಸಾಧ್ಯವಿಲ್ಲ, ಆ ಆಸೆ ಬೇಡ. A5 ಅಳತೆಯ ಸ್ಕೆಚ್‌ಬುಕ್‌ನಲ್ಲಿ 5 × 7 ಸೆಂ.ಮೀ. ಚೌಕಗಳನ್ನು ಮೊದಲೇ ಗೀಚಿಟ್ಟುಕೊಳ್ಳಿ. 4B ಪೆನ್ಸಿಲ್‌ನಲ್ಲಿ ಚೌಕಕ್ಕೆ ಮೂರು ನಿಮಿಷ, ಮೂರೇ ಛಾಯೆ: ಕಾಗದದ ಬಿಳಿ, ನಡು ಬೂದು, ಕಡು ಕಪ್ಪು. ರಬ್ಬರ್ ಮುಟ್ಟಬೇಡಿ. ಕಣ್ಣು ಕಿರಿದು ಮಾಡಿ ನೋಡಿದರೆ ವಿವರ ಮಸುಕಾಗಿ ಈ ಮೂರು ಛಾಯೆ ತಾವಾಗಿ ಬೇರೆಯಾಗುತ್ತವೆ. ದಿನಕ್ಕೆ ನಾಲ್ಕು ಎಂದರೆ ವಾರಕ್ಕೆ ಇಪ್ಪತ್ತೆಂಟು. ಬಿಡುವಿನ ದಿನ ಅವುಗಳಲ್ಲಿ ಒಂದನ್ನು ಆರಿಸಿ ದೊಡ್ಡದು ಮಾಡಿ. ಅಲ್ಲಿಗೆ ‘ಏನು ಬಿಡಿಸಲಿ’ ಎಂಬ ಪ್ರಶ್ನೆ ‘ಯಾವುದನ್ನು ಬಿಡಲಿ’ ಎಂದಾಗಿರುತ್ತದೆ.

ಪ್ರಶ್ನೆ: ಇಂಟರ್‌ನೆಟ್ಟಿನಲ್ಲಿ ಸಿಗುವ ಫೋಟೊ ನೋಡಿ ಬಿಡಿಸುವುದು ತಪ್ಪೇ? ಫೋಟೊದಂತೆಯೇ ಬರುತ್ತದೆ, ಆದರೆ ಜೀವ ಇರುವುದಿಲ್ಲ ಎನ್ನುತ್ತಾರೆ.

ಉತ್ತರ: ಕಲಿಯಲು ನಕಲು ಮಾಡುವುದು ತಪ್ಪಲ್ಲ. ಚಿತ್ರಕಾರ ವ್ಯಾನ್ ಗೋ 1889–90ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಹಿಂದಿನ ತಲೆಮಾರಿನ ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳನ್ನು ನೋಡಿ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಬರೆದ. ಅವನ ಮುಂದಿದ್ದದ್ದು ಕಪ್ಪು–ಬಿಳುಪು ಅಚ್ಚುಗಳು, ಬಣ್ಣವೆಲ್ಲ ಅವನದೇ ತೀರ್ಮಾನ. ನಕಲು ಮಾಡುವವರು ಗಮನಿಸಬೇಕಾದದ್ದು ಇದನ್ನೇ: ಮೂಲದಲ್ಲಿ ಇಲ್ಲದ ಒಂದನ್ನಾದರೂ ನೀವೇ ನಿರ್ಧರಿಸುವ ಹಾಗೆ ನಕಲು ಮಾಡಿ. ಫೋಟೊವನ್ನು ಕಪ್ಪು–ಬಿಳುಪಿಗೆ ಬದಲಿಸಿಕೊಂಡು ಬಣ್ಣ ಹಚ್ಚುವುದು ಸುಲಭದ ದಾರಿ.

ಹಕ್ಕಿನ ಮಾತು ಬೇರೆ. ಮನೆಯಲ್ಲಿ ಅಭ್ಯಾಸಕ್ಕೆ ಬಿಡಿಸಿದರೆ ಯಾರೂ ಕೇಳುವುದಿಲ್ಲ. ಮಾರುವುದಾದರೆ, ಸ್ಪರ್ಧೆಗೆ ಕಳಿಸುವುದಾದರೆ, ನಿಮ್ಮ ಹೆಸರಿನಲ್ಲಿ ಪ್ರಕಟಿಸುವುದಾದರೆ ಫೋಟೊ ತೆಗೆದವರ ಅನುಮತಿ ಬೇಕು. ‘ಒಂದಿಷ್ಟು ಬದಲಿಸಿದರೆ ಸಾಕು’ ಎಂಬುದು ಬಾಯಿಮಾತು, ಅದನ್ನು ನಂಬಿ ಕೂರಬೇಡಿ.

ಇನ್ನು ಜೀವದ ವಿಚಾರ. ಮುಖದ ಫೋಟೊ ತೋಳಳತೆಯಲ್ಲಿ ತೆಗೆದಿದ್ದರೆ ಮೂಗು ಉಬ್ಬಿ, ಕಿವಿ ಸಣ್ಣದಾಗಿ ಹಿಂದಕ್ಕೆ ಸರಿದಿರುತ್ತದೆ. ಎದುರು ಕೂತ ಮನುಷ್ಯ ಹಾಗೆ ಕಾಣುವುದಿಲ್ಲ. ನೀವು ಆ ತಪ್ಪನ್ನೇ ನಿಷ್ಠೆಯಿಂದ ಬಿಡಿಸುತ್ತೀರಿ. ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ಎರಡು ಮೀಟರ್ ಹಿಂದೆ ನಿಂತು, ಎರಡು ಪಟ್ಟು ಜೂಮ್ ಮಾಡಿ ತೆಗೆದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ನೆರಳಿನದ್ದು ಇನ್ನೊಂದು ತೊಂದರೆ. ಸಾದಾ ಕ್ಯಾಮೆರಾ ನೆರಳನ್ನು ಕಪ್ಪು ಹೊಂಡ ಮಾಡುತ್ತದೆ. ಈಚಿನ ಮೊಬೈಲ್‌ಗಳು ಉಲ್ಟಾ, ನೆರಳನ್ನು ಎತ್ತಿ ಬೆಳಕನ್ನು ಇಳಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ನಿಮ್ಮನ್ನು ನಿಲ್ಲಿಸಿದ ಆ ವ್ಯತ್ಯಾಸವೇ ಫೋಟೊದಲ್ಲಿ ಮಾಯ!

ಹಾಗಾಗಿ ಫೋಟೊ ನೀವೇ ತೆಗೆಯಿರಿ, ಒಂದಲ್ಲ ಮೂರು: ಮೊಬೈಲ್ ಪರದೆಯ ಮೇಲೆ ಬೆಳಕಿನ ಭಾಗವನ್ನು ಮುಟ್ಟಿ ಒಂದು, ನೆರಳಿನ ಭಾಗವನ್ನು ಮುಟ್ಟಿ ಒಂದು, ಸುತ್ತಲಿನದೆಲ್ಲ ಸೇರುವಂತೆ ಒಂದು. ಜತೆಗೆ ಅಲ್ಲೇ ನಿಂತು ಎರಡು ನಿಮಿಷದ ಗೀಚು, ಅದರ ಮೇಲೆ ಟಿಪ್ಪಣಿ: ‘ಅತಿ ಕಪ್ಪು ಇಲ್ಲಿ’, ‘ಗೋಡೆಯ ನೆರಳು ನೇರಳೆ’, ‘ಬೆಳಕು ಎಡದಿಂದ, ಸಂಜೆ 5’. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821–22ರಲ್ಲಿ ಬರೆದ ಮೋಡಗಳ ಅಭ್ಯಾಸಚಿತ್ರಗಳ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕನ್ನು ಗುರುತು ಹಾಕಿಟ್ಟಿದ್ದಾನೆ. ಮೋಡ ಹತ್ತು ನಿಮಿಷ ನಿಲ್ಲುವುದಿಲ್ಲವಲ್ಲ, ಟಿಪ್ಪಣಿ ನಿಲ್ಲುತ್ತದೆ. ಎರಡು ಮೂರು ಫೋಟೊಗಳನ್ನು ಬೆರೆಸಿ ಒಂದು ಚಿತ್ರ ಮಾಡುವಾಗ ಮೊದಲು ನೋಡಬೇಕಾದದ್ದು ಎಲ್ಲದರಲ್ಲೂ ಬೆಳಕು ಒಂದೇ ಬದಿಯಿಂದ ಬಂದಿದೆಯೇ, ಎಲ್ಲವನ್ನೂ ಒಂದೇ ಎತ್ತರದಿಂದ ನೋಡಿದೆಯೇ ಎಂಬುದನ್ನು.

ಪ್ರಶ್ನೆ: ಎರಡು ವರ್ಷದಿಂದ ಹೂವನ್ನೇ ಬರೆಯುತ್ತಿದ್ದೇನೆ. ಕೈ ಪಳಗಿದೆ, ಆದರೆ ಬೇಸರ ಬಂದಿದೆ. ವಿಷಯ ಬದಲಿಸಲೇ?

ಉತ್ತರ: ಬದಲಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಬೇಸರ ಹೂವಿನದ್ದೋ, ಹೂವನ್ನು ಯಾವಾಗಲೂ ಎದುರಿನಿಂದ, ಹಾಳೆಯ ನಡುವೆ, ಅದೇ ಅಳತೆಯಲ್ಲಿ ಕೂರಿಸುವುದರದ್ದೋ? ನಮ್ಮ ಅಂದಾಜು ಎರಡನೆಯದು.

ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆ 1890–91ರಲ್ಲಿ ಮನೆಯ ಹತ್ತಿರದ ಹೊಲದ ಬಣವೆಗಳನ್ನೇ ಸುಮಾರು ಇಪ್ಪತ್ತೈದು ಕ್ಯಾನ್ವಾಸ್‌ಗಳಲ್ಲಿ ಬರೆದ. ಹಲವು ಕ್ಯಾನ್ವಾಸ್ ಜತೆಗಿಟ್ಟುಕೊಂಡು, ಬೆಳಕು ಬದಲಾದ ಹಾಗೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಇಟಲಿಯ ಜಾರ್ಜೊ ಮೊರಾಂಡಿ ದಶಕಗಳ ಕಾಲ ಅವೇ ಬಾಟಲಿ, ಡಬ್ಬ, ಹೂಜಿಗಳನ್ನು ಅತ್ತಿತ್ತ ಸರಿಸಿ ಬರೆದ. ಜಪಾನಿನ ಚಿತ್ರಕಾರ ಹೊಕುಸಾಯಿಯ ಫ್ಯೂಜಿ ಬೆಟ್ಟದ ‘ಮೂವತ್ತಾರು ನೋಟ’ಗಳು ಕೊನೆಗೆ 46 ಆದವು. ಯಾರೂ ವಸ್ತು ಬದಲಿಸಲಿಲ್ಲ, ವಿಷಯ ಬದಲಾಗುತ್ತ ಹೋಯಿತು.

ನೀವು ಹೀಗೆ ಮಾಡಿ. A3 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಿಚಿ ಬಿಡಿಸಿದರೆ ಎಂಟು ಮನೆ ಸಿಗುತ್ತವೆ, ಒಂದೊಂದೂ ಸುಮಾರು 10.5 × 15 ಸೆಂ.ಮೀ. ಒಂದೇ ಹೂ, ಎಂಟು ಚಿತ್ರ, ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ. ಹಿಂಬದಿಯಿಂದ, ತೊಟ್ಟು ಮುಂದೆ ಬರುವಂತೆ. ಮನೆಯಿಂದ ಹೊರಗೆ ಚಾಚುವಷ್ಟು ದೊಡ್ಡದಾಗಿ. ಹೂವನ್ನು ಬಿಟ್ಟು ಸುತ್ತಲಿನ ಖಾಲಿ ಜಾಗದ ಆಕಾರ ಮಾತ್ರ. ಬರೀ ನೆರಳು. ಒಂದೇ ದೀಪವನ್ನು ಹಿಂದಿಟ್ಟು. ಬಾಡಿದ ಮೇಲೆ. ಪೆನ್ಸಿಲ್ ಬದಲು ದಪ್ಪ ಬ್ರಶ್ಶಿನಿಂದ. ಕೊನೆಯದು ಹೂ ನೋಡದೆ, ನೆನಪಿನಿಂದ. ಒಟ್ಟಿಗೆ ಎರಡು ಮೂರು ಬದಲಿಸಿದರೆ ಚಿತ್ರ ಗೆದ್ದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಮೊದಲ ಮೂರು ಮನೆಗಳಲ್ಲಿ ಕೈಗೆ ಗೊತ್ತಿರುವುದೇ ಬರುತ್ತದೆ. ನಾಲ್ಕು–ಐದರ ಹೊತ್ತಿಗೆ ಎದ್ದುಹೋಗುವ ಹಾಗಾಗುತ್ತದೆ, ಹೆಚ್ಚಿನವರು ನಿಲ್ಲಿಸುವುದು ಅಲ್ಲೇ. ಗೊತ್ತಿದ್ದದ್ದು ಮುಗಿದು ನೋಡುವುದು ಶುರುವಾಗುವುದೂ ಅಲ್ಲೇ. ಎಂಟೂ ಮುಗಿಸಿದ ಮೇಲೂ ಬೇಸರವೇ ಉಳಿದರೆ ಹೂವನ್ನು ಬಿಟ್ಟುಬಿಡಿ, ಅಡ್ಡಿಯಿಲ್ಲ.

ಪ್ರಶ್ನೆ: ನೋಡಿಕೊಂಡು ಚೆನ್ನಾಗಿ ಬಿಡಿಸುತ್ತೇನೆ. ಕಲ್ಪನೆಯಿಂದ ಬಿಡಿಸು ಎಂದರೆ ಕೈ ಕಟ್ಟಿದಂತಾಗುತ್ತದೆ.

ಉತ್ತರ: ಕಲ್ಪನೆ ಖಾಲಿ ಹಾಳೆಯಿಂದ ಏಳುವುದು ಕಡಿಮೆ, ಅದಕ್ಕೆ ಹಿಡಿದುಕೊಳ್ಳಲು ಏನಾದರೂ ಬೇಕು. ಕಲೆ ಬಿದ್ದ ಗೋಡೆಯನ್ನು ದಿಟ್ಟಿಸಿ ನೋಡಿ, ಬೆಟ್ಟ, ಕಾಳಗ, ಮುಖ ಎಲ್ಲ ಕಂಡೀತು ಎಂದು ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟಿದ್ದಾನೆ. ರವೀಂದ್ರನಾಥ ಟ್ಯಾಗೋರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಗೆರೆಗಳಿಂದ ಒಂದಕ್ಕೊಂದು ಜೋಡಿಸುತ್ತ ವಿಚಿತ್ರ ಪ್ರಾಣಿ, ಪಕ್ಷಿಗಳನ್ನು ಮಾಡುತ್ತಿದ್ದರು. ಅಲ್ಲಿಂದಲೇ ಅವರ ಚಿತ್ರಕಲೆ ಬೆಳೆದು, 1930ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಪ್ಯಾರಿಸ್ಸಿನಲ್ಲಿ ಪ್ರದರ್ಶನವಾಯಿತು.

ಮನೆಯಲ್ಲಿ ಮಾಡುವ ರೀತಿ: 200 ಜಿಎಸ್‌ಎಮ್‌ಗಿಂತ ದಪ್ಪದ ಹಾಳೆ (ಜಿಎಸ್‌ಎಮ್ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ತೆಗೆದುಕೊಳ್ಳಿ, ತೆಳ್ಳಗಿನದು ನೀರಿಗೆ ಸುರುಟಿಕೊಂಡು ಮಸಿ ಗುಂಡಿಯಲ್ಲಿ ನಿಲ್ಲುತ್ತದೆ. ಒಂದು ಪಾಲು ಕಪ್ಪು ಮಸಿಗೆ ಮೂರು ಪಾಲು ನೀರು ಬೆರೆಸಿ. ಹಾಳೆಯ ಅರ್ಧ ಭಾಗವನ್ನಷ್ಟೇ ಒದ್ದೆ ಮಾಡಿ, ಆಗ ಒಂದೆಡೆ ಅಂಚು ಹರಡಿ, ಇನ್ನೊಂದೆಡೆ ಚೂಪಾಗಿ ನಿಲ್ಲುತ್ತದೆ. ಅಗಲ ಬ್ರಶ್ಶಿನಿಂದ ಐದಾರು ಸಲ ಮಾತ್ರ ಹಚ್ಚಿ, ಹಾಳೆಯನ್ನು ವಾಲಿಸಿ ಹರಿಯಬಿಡಿ. ಪೂರ್ತಿ ಒಣಗಿದ ಮೇಲೆ ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಮೊದಲು ಮುಖ ಕಾಣುತ್ತದೆ. ಅದು ಎಲ್ಲರಿಗೂ ಕಾಣುವಂಥದ್ದು, ಬಿಟ್ಟುಬಿಡಿ. ಎರಡನೆಯದನ್ನೋ ಮೂರನೆಯದನ್ನೋ ಹಿಡಿದು, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಕೆಲವೇ ಗೆರೆಗಳಲ್ಲಿ ಬಿಡಿಸಿ. ಎಲ್ಲ ಕೆಡುವುದು ಮಸಿಯ ಮೇಲೇ ಕಣ್ಣು, ಹಲ್ಲು, ರೆಪ್ಪೆ ಎಂದು ವಿವರ ತುಂಬಲು ಹೋದಾಗ.

ಇದರ ಜತೆ ನೆನಪಿನ ಅಭ್ಯಾಸ ಇರಲಿ: ಮೂರು ನಿಮಿಷ ನೋಡಿ, ಬೆನ್ನು ತಿರುಗಿಸಿ ಹತ್ತು ನಿಮಿಷ ಬಿಡಿಸಿ, ಮತ್ತೆ ನೋಡಿ ತಪ್ಪುಗಳನ್ನು ಕೆಂಪು ಪೆನ್ಸಿಲ್‌ನಲ್ಲಿ ತಿದ್ದಿ. ಕಲ್ಪಿಸಿ ಬಿಡಿಸುವಾಗ ಕೈಗೆ ಒದಗುವುದು ಈ ನೆನಪೇ.

ಪ್ರಶ್ನೆ: ಉತ್ಸಾಹದಿಂದ ಶುರು ಮಾಡಿದ ಚಿತ್ರ ಅರ್ಧದಲ್ಲಿ ಸಾಕು ಅನ್ನಿಸುತ್ತದೆ. ಹೀಗೆ ನಿಂತವು ಹತ್ತಾರಿವೆ.

ಉತ್ತರ: ಒಂದನ್ನು ಹೊರತೆಗೆದು ಮೊಬೈಲ್‌ನಲ್ಲಿ (ಬೇರೆ ಕೋಣೆಯಲ್ಲಿ ಇಟ್ಟದ್ದನ್ನು ಈಗ ತರಬಹುದು) ಕಪ್ಪು–ಬಿಳುಪು ಫೋಟೊ ತೆಗೆಯಿರಿ. ಎಲ್ಲ ಒಂದೇ ಬೂದು ಆಗಿದ್ದರೆ ಆಸಕ್ತಿ ಸತ್ತದ್ದು ಅಲ್ಲಿ. ಅತಿ ಕಪ್ಪು ಎಲ್ಲಿ, ಅತಿ ಬಿಳಿ ಎಲ್ಲಿ ಎಂದು ನಿರ್ಧರಿಸದೆ ಬಣ್ಣಕ್ಕೆ ಇಳಿದಿದ್ದೀರಿ. ತೈಲವರ್ಣ, ಅಕ್ರಿಲಿಕ್ ಆದರೆ ಈಗಲೂ ಕಡು ಬಣ್ಣವನ್ನು ಒಂದೆಡೆ ಗಟ್ಟಿ ಮಾಡಿ, ಬೆಳಕನ್ನು ಮೇಲೆ ಹಚ್ಚಬಹುದು. ಜಲವರ್ಣದಲ್ಲಿ ಕಳೆದ ಬಿಳಿ ಪೂರ್ತಿ ವಾಪಸು ಬರುವುದಿಲ್ಲ. ಒದ್ದೆ ಬ್ರಶ್ಶಿನಿಂದ ಉಜ್ಜಿ ಬಟ್ಟೆಯಿಂದ ಒತ್ತಿದರೆ ಕೆಲವು ಬಣ್ಣ ಒಂದಿಷ್ಟು ಮೇಲೇಳುತ್ತವೆ, ಅಷ್ಟೇ.

ಒಂದು ಮೂಲೆಯನ್ನು ಮಾತ್ರ ನುಣ್ಣಗೆ ಮುಗಿಸಿ ಉಳಿದದ್ದು ಖಾಲಿ ಬಿಟ್ಟಿದ್ದರೆ ಕಾರಣ ಬೇರೆ: ಆ ಮೂಲೆಯೇ ನಿಮ್ಮ ಚಿತ್ರ, ಉಳಿದದ್ದು ನಿಮಗೆ ಬೇಕೇ ಇರಲಿಲ್ಲ. ರಟ್ಟಿನ ಎರಡು ‘ಎಲ್’ ಆಕಾರದ ತುಂಡುಗಳನ್ನು ಚಿತ್ರದ ಮೇಲೆ ಸರಿಸುತ್ತ ಹೋಗಿ. ಸರಿ ಎನಿಸಿದ ಕಡೆ ಗುರುತು ಮಾಡಿ ಕತ್ತರಿಸಿ ಇಟ್ಟುಕೊಳ್ಳಿ. ಮಿಕ್ಕ ತುಂಡಿನ ಹಿಂಬದಿ ಮೂರು ನಿಮಿಷದ ಚೌಕಗಳಿಗೆ ಬರುತ್ತದೆ.