ಗಿಡದೊಳಗೆ ಕರೆಂಟ್ ಇದೆಯಾ?

ಪ್ರಶ್ನೆ: ಮೇಡಂ, ನಾನು ಬಿಎಸ್‌ಸಿ ಮೊದಲ ವರ್ಷದ ವಿದ್ಯಾರ್ಥಿನಿ. ಮಣ್ಣಿನ ನೀರಿನಲ್ಲಿ ಪೊಟ್ಯಾಷಿಯಂ ತುಂಬಾ ಕಮ್ಮಿ, ಬೇರಿನ ಕೋಶದೊಳಗೆ ತುಂಬಾ ಜಾಸ್ತಿ ಅಂತ ಓದಿದೆ. ಕಮ್ಮಿ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಅದು ಹೇಗೆ ಹೋಗುತ್ತದೆ? ಪುಸ್ತಕದಲ್ಲಿ ‘ಸಕ್ರಿಯ ಸಾಗಣೆ’ ಅಂತ ಎರಡು ಪದದಲ್ಲಿ ಮುಗಿಸಿದ್ದಾರೆ. ನನಗೆ ಸಮಾಧಾನ ಆಗಲಿಲ್ಲ.

ಉತ್ತರ: ಸಮಾಧಾನ ಆಗದೇ ಇದ್ದದ್ದೇ ಒಳ್ಳೆಯದು. ಆ ಎರಡು ಪದಗಳು ನಿಜವಾದ ವಿಷಯವನ್ನೇ ಮುಚ್ಚಿಬಿಡುತ್ತವೆ.

ಮೊದಲು ಲೆಕ್ಕ ನೋಡೋಣ. ಬೇರಿನ ಸುತ್ತಲ ನೀರಿನಲ್ಲಿ ಪೊಟ್ಯಾಷಿಯಂ 0.1 ಮಿಲಿಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಇದೆ ಅಂದುಕೊಳ್ಳಿ. ಕೋಶರಸದಲ್ಲಿ ಸುಮಾರು 100 ಇರುತ್ತದೆ. ಅಂದರೆ ಒಳಗೆ ಸಾವಿರ ಪಟ್ಟು ಜಾಸ್ತಿ. ಇಷ್ಟನ್ನೇ ನೋಡಿದರೆ ಪೊಟ್ಯಾಷಿಯಂ ಹೊರಗೆ ಸೋರಿ ಹೋಗಬೇಕು, ಅಲ್ವಾ? ಆದರೆ ಅದು ಧನ ವಿದ್ಯುತ್ ಹೊತ್ತ ಅಯಾನು. ಕೋಶದ ಒಳಗೆ ಋಣ ವಿದ್ಯುತ್ ಇದ್ದರೆ ಅದು ಒಳಕ್ಕೆ ಸೆಳೆಯುತ್ತದೆ. ಎಷ್ಟು ಋಣ ಬೇಕು? ಪ್ರತಿ ಹತ್ತು ಪಟ್ಟು ವ್ಯತ್ಯಾಸಕ್ಕೆ ಸುಮಾರು 58 ಮಿಲಿವೋಲ್ಟ್. ಸಾವಿರ ಅಂದರೆ ಹತ್ತನ್ನು ಮೂರು ಸಲ ಗುಣಿಸಿದ ಹಾಗೆ. 58ರ ಮೂರರಷ್ಟು 174. ಕೋಶದ ಒಳಗು ಅದಕ್ಕಿಂತ ಸ್ವಲ್ಪ ಜಾಸ್ತಿ ಋಣವಾಗಿದ್ದರೆ ಸಾಕು. ಪೊರೆಯಲ್ಲಿ ಬಾಗಿಲು (ಇದಕ್ಕೆ ಚಾನೆಲ್ ಅನ್ನುತ್ತಾರೆ) ತೆರೆದಿದ್ದರೆ ಪೊಟ್ಯಾಷಿಯಂ ತಾನಾಗೇ ಒಳಗೆ ಬರುತ್ತದೆ.

ಹಾಗಾದರೆ ಗಿಡ ಖರ್ಚು ಮಾಡುವುದು ಎಲ್ಲಿ? ಆ ಋಣ ವಿದ್ಯುತ್ ಉಳಿಸಿಕೊಳ್ಳುವುದರಲ್ಲಿ. ಪೊರೆಯಲ್ಲಿ ಪ್ರೋಟಾನ್, ಅಂದರೆ ಧನ ವಿದ್ಯುತ್ತಿನ ಹೈಡ್ರೋಜನ್ ಅಯಾನು, ಸಾಗಿಸುವ ಪಂಪುಗಳಿವೆ. ಅವು ಕೋಶದ ಇಂಧನವಾದ ಎಟಿಪಿ ಉರಿಸಿ ಪ್ರೋಟಾನುಗಳನ್ನು ಹೊರಗೆ ತಳ್ಳುತ್ತಲೇ ಇರುತ್ತವೆ. ಧನ ವಿದ್ಯುತ್ ಹೊರಗೆ ಹೋದಷ್ಟೂ ಒಳಗೆ ಋಣ ಉಳಿಯುತ್ತದೆ. ಪ್ರಾಣಿಗಳ ನರಕೋಶ ಮೈನಸ್ 70 ಮಿಲಿವೋಲ್ಟ್ ಆಸುಪಾಸಿನಲ್ಲಿ ಇದ್ದರೆ, ಗಿಡದ ಕೋಶ ಮೈನಸ್ 120ರಿಂದ 200ರವರೆಗೂ ಹೋಗುತ್ತದೆ. ಗಿಡ ಪೊಟ್ಯಾಷಿಯಂ ಕಣಗಳನ್ನು ಒಂದೊಂದಾಗಿ ಹೊತ್ತು ತರುವುದಿಲ್ಲ. ಕರೆಂಟ್ ಇಟ್ಟುಕೊಂಡಿರುತ್ತದೆ, ಪೊಟ್ಯಾಷಿಯಂ ಅದಕ್ಕೆ ಬರುತ್ತದೆ.

ಇದನ್ನು ನಾನು ಪುಸ್ತಕದಿಂದ ನಂಬಿದವಳಲ್ಲ. ಹದಿನೆಂಟು ವರ್ಷ ಕಾರಾ ಪಾಚಿಯ ಜೊತೆ ಕೆಲಸ ಮಾಡಿದ್ದೇನೆ. ನಿಂತ ನೀರಿನಲ್ಲಿ ಬೆಳೆಯುವ ಈ ಪಾಚಿಗೆ ಬೆಳ್ಳುಳ್ಳಿಯಂಥ ವಾಸನೆ. ಅದರ ಎರಡು ಗೆಣ್ಣುಗಳ ನಡುವಿನ ಭಾಗ ಪೂರ್ತಿ ಒಂದೇ ಕೋಶ. ದಪ್ಪ ಒಂದು ಮಿಲಿಮೀಟರ್ ಆಸುಪಾಸು, ಉದ್ದ ಮಾತ್ರ ಹಲವು ಸೆಂಟಿಮೀಟರ್. ಕಣ್ಣಿಗೆ ಕಾಣುವ ಕೋಶ! ಪಕ್ಕದ ಕೋಶಗಳನ್ನು ಕತ್ತರಿಸಿ ತೆಗೆದು, ಇದನ್ನು ರಾತ್ರಿಯಿಡೀ ನೀರಿನಲ್ಲಿ ಬಿಡುತ್ತಿದ್ದೆ. ಗಾಬರಿಯಾದ ಕೋಶ ಸುಧಾರಿಸಿಕೊಳ್ಳಬೇಕು. ಬೆಳಿಗ್ಗೆ ಮೈಕ್ರೋಸ್ಕೋಪ್ ಕೆಳಗೆ ಗಾಜಿನ ಸೂಜಿ ಹಿಡಿಯುವುದು. ಅದರ ತುದಿ ಒಂದು ಮೈಕ್ರಾನಿಗಿಂತ ಸಣ್ಣದು, ಒಳಗೆ ಪೊಟ್ಯಾಷಿಯಂ ಕ್ಲೋರೈಡ್ ದ್ರಾವಣ. ತುದಿ ಗೋಡೆಗೆ ತಾಗಿದಾಗ ಗೋಡೆ ಸ್ವಲ್ಪ ತಗ್ಗುತ್ತದೆ. ಮೀಟರ್ ಸೊನ್ನೆ ತೋರಿಸುತ್ತಲೇ ಇರುತ್ತದೆ. ಮೇಜಿನ ಮೇಲೆ ಬೆರಳಿನಿಂದ ಮೆಲ್ಲಗೆ ಒಂದು ತಟ್ಟು. ಸೂಜಿ ಒಳಗೆ ಹೋಗುತ್ತದೆ, ಮೀಟರ್ ಒಂದೇ ಸಲ ಮೈನಸ್ 180ರ ಹತ್ತಿರ ಬಿದ್ದುಬಿಡುತ್ತದೆ. ಸಾವಿರ ಸಲ ನೋಡಿದರೂ ಆ ಕ್ಷಣಕ್ಕೆ ನನ್ನ ಉಸಿರು ನಿಲ್ಲುತ್ತಿತ್ತು. ಆಮೇಲೆ ಬೇಗ ಬೇಗ ಕೆಲಸ ಮುಗಿಸಬೇಕು. ಯಾಕೆಂದರೆ ಕೋಶ ಸೂಜಿಯ ತುದಿಯನ್ನು ನಿಧಾನವಾಗಿ ಮುಚ್ಚಿಬಿಡುತ್ತದೆ.

ಎಟಿಪಿ ತಯಾರಿಕೆ ನಿಲ್ಲಿಸುವ ವಿಷವನ್ನು ನೀರಿಗೆ ಹಾಕಿದರೆ ವೋಲ್ಟೇಜ್ ಕುಸಿಯುತ್ತದೆ. ಪಂಪ್ ಇರುವುದಕ್ಕೆ ಅದೇ ಸಾಕ್ಷಿ. ಇನ್ನೊಂದು ಕೋಶದ ಹೊರಗಿನ ನೀರಿಗೆ ಪೊಟ್ಯಾಷಿಯಂ ಸೇರಿಸಿ 10 ಮಿಲಿಮೋಲಾರ್ ಮಾಡಿ. ಚಾನೆಲ್‌ಗಳು ತೆರೆದುಕೊಂಡಾಗ ಮೀಟರ್ ಮೈನಸ್ 60ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಳಗೆ 100, ಹೊರಗೆ 10, ಹತ್ತು ಪಟ್ಟು, 58 ಮಿಲಿವೋಲ್ಟ್. ಮೇಲಿನ ಲೆಕ್ಕವನ್ನೇ ಕೋಶ ಮಾಡಿ ತೋರಿಸುತ್ತದೆ.

180 ಮಿಲಿವೋಲ್ಟ್ ಅಂದರೆ ಸುಮ್ನೆ ಚಿಲ್ಲರೆ ಅನ್ನಿಸಬಹುದು. ಆದರೆ ಪೊರೆಯ ದಪ್ಪ 7–8 ನ್ಯಾನೋಮೀಟರ್ ಮಾತ್ರ. ಭಾಗಿಸಿ ನೋಡಿ, ಮೀಟರಿಗೆ 2 ಕೋಟಿ ವೋಲ್ಟ್‌ಗೂ ಜಾಸ್ತಿ ಬರುತ್ತದೆ. ಗಾಳಿಯಲ್ಲಿ ಸುಮಾರು 30 ಲಕ್ಷಕ್ಕೇ ಕಿಡಿ ಹಾರುತ್ತದೆ. ಅಂಥ ಒತ್ತಡವನ್ನು ಎಣ್ಣೆಯಂಥ ಒಂದು ತೆಳು ಪದರ ತಡೆದುಕೊಂಡಿದೆ.

ಹೊರಗೆ ಪೊಟ್ಯಾಷಿಯಂ ಇನ್ನೂ ಹತ್ತು ಪಟ್ಟು ಕಮ್ಮಿಯಾದರೆ? ಆಗ 232 ಮಿಲಿವೋಲ್ಟ್ ಬೇಕು. ಅಷ್ಟು ಸಾಮಾನ್ಯವಾಗಿ ಇರುವುದಿಲ್ಲ. ಚಾನೆಲ್ ತೆರೆದರೆ ಇರುವುದೂ ಸೋರಿ ಹೋಗುತ್ತದೆ. ಅಲ್ಲಿ ಬೇರೆ ಪ್ರೋಟೀನುಗಳು ಕೆಲಸಕ್ಕೆ ಬರುತ್ತವೆ. ಪಂಪ್ ಹೊರಗೆ ತಳ್ಳಿದ ಪ್ರೋಟಾನ್ ಒಳಗೆ ವಾಪಸ್ ಬರುವಾಗ ಪೊಟ್ಯಾಷಿಯಂ ಅನ್ನೂ ಜೊತೆಗೆ ಕರೆತರುತ್ತದೆ. ಬಾರ್ಲಿ ಬೇರಿನಲ್ಲಿ ಹೀಗೆ ಎರಡು ದಾರಿಗಳಿವೆ ಅಂತ ಎಪ್‌ಸ್ಟೀನ್ ಮತ್ತು ಜೊತೆಗಾರರು 1963ರಲ್ಲೇ ತೋರಿಸಿದ್ದರು. ಚಾನೆಲ್‌ಗಳ ಜೀನ್ ಕೈಗೆ ಸಿಕ್ಕಿದ್ದು 1992ರಲ್ಲಿ. ಆಗ ನಿಮ್ಮ ಪುಸ್ತಕದ ಎರಡು ಪದಗಳ ಹಿಂದಿನ ಯಂತ್ರ ಕಣ್ಣಿಗೆ ಬಿತ್ತು.

ಪ್ರಶ್ನೆ: ನರವೇ ಇಲ್ಲದ ಪಾಚಿಯಲ್ಲೂ ನರದಲ್ಲಿ ಓಡುವಂಥ ವಿದ್ಯುತ್ ಸಂಕೇತ ಓಡುತ್ತದೆಯಂತೆ. ಇದು ನಿಜವೇ, ಅಥವಾ ಹೋಲಿಕೆಗೆ ಹೇಳುವ ಮಾತೇ?

ಉತ್ತರ: ಪೂರ್ತಿ ನಿಜ. ಅದನ್ನು ನೋಡಲು ಮೀಟರ್ ಕೂಡ ಬೇಡ.

ಕಾರಾ ಕೋಶವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಗೋಡೆಗೆ ಒತ್ತಿಕೊಂಡು ಹಸಿರು ಕಣಗಳು ಸಾಲು ಸಾಲಾಗಿ ಕದಲದೆ ನಿಂತಿರುತ್ತವೆ. ಅವುಗಳ ಒಳಬದಿಯಲ್ಲಿ ಕೋಶರಸ ಹೊಳೆಯ ಹಾಗೆ ಹರಿಯುತ್ತಿರುತ್ತದೆ. ಒಂದು ಪಕ್ಕ ಮೇಲಕ್ಕೆ, ಇನ್ನೊಂದು ಪಕ್ಕ ಕೆಳಕ್ಕೆ. ನಡುವೆ ಹಸಿರಿಲ್ಲದ ಒಂದು ತಿಳಿ ಗೆರೆ. ವೇಗ ಸೆಕೆಂಡಿಗೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಹತ್ತಿರ. ಇಟಲಿಯ ವಿಜ್ಞಾನಿ ಬೊನವೆಂತುರಾ ಕೋರ್ತಿ ಈ ಹರಿವನ್ನು 1774ರಲ್ಲೇ ಕಂಡಿದ್ದ. ಈಗ ಕೋಶಕ್ಕೆ ಸಣ್ಣದೊಂದು ಶಾಕ್ ಕೊಡಿ. ಹರಿವು ತಟ್ಟನೆ ನಿಂತುಬಿಡುತ್ತದೆ. ತುದಿಯಿಂದ ತುದಿಗೆ ಎಲ್ಲವೂ ಸ್ತಬ್ಧ. ಒಂದೆರಡು ನಿಮಿಷಕ್ಕೆ ಕಣಗಳು ಮೆಲ್ಲಗೆ ತೆವಳತೊಡಗುತ್ತವೆ. ಹಳೆಯ ವೇಗಕ್ಕೆ ಬರಲು ಇನ್ನಷ್ಟು ಹೊತ್ತು ಬೇಕು.

ಒಳಗೆ ಆಗುವುದಿಷ್ಟು. ಕೋಶರಸದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಹರಿವನ್ನು ನಿಲ್ಲಿಸುವುದು ಅದೇ. ಕ್ಲೋರೈಡ್ ಚಾನೆಲ್‌ಗಳು ತೆರೆದು ಋಣ ಕ್ಲೋರೈಡ್ ಹೊರಗೆ ನುಗ್ಗುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಆಮೇಲೆ ಪೊಟ್ಯಾಷಿಯಂ ಹೊರಗೆ ಹೋಗಿ ಅದನ್ನು ಮೊದಲಿನ ಜಾಗಕ್ಕೆ ತರುತ್ತದೆ. ನರದಲ್ಲಿ ಮೊದಲ ಹೆಜ್ಜೆಗೆ ಸೋಡಿಯಂ ಒಳಗೆ ಬರುತ್ತದೆ. ಸಿಹಿನೀರಿನ ಪಾಚಿಗೆ ಹೊರಗೆ ಅಷ್ಟು ಸೋಡಿಯಂ ಎಲ್ಲಿ ಸಿಗಬೇಕು? ಒಳಗಿರುವ ಕ್ಲೋರೈಡನ್ನು ಬಿಡುವುದೇ ಅದಕ್ಕೆ ಇರುವ ದಾರಿ. ನರದಲ್ಲಿ ಒಂದು ಮಿಲಿಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಹಲವು ಸೆಕೆಂಡು ಹಿಡಿಯುತ್ತದೆ. ಪ್ರತಿ ಸಲವೂ ಒಂದಿಷ್ಟು ಪೊಟ್ಯಾಷಿಯಂ ಕ್ಲೋರೈಡ್ ಹೊರಟುಹೋಗುತ್ತದೆ. ಅದನ್ನು ಮತ್ತೆ ಸಂಪಾದಿಸಿಕೊಳ್ಳಬೇಕು.

ಇನ್ನೊಂದು ಮಾತು. ಸಂಕೇತ ಓಡುವಾಗ ಪೊರೆಯ ವಿದ್ಯುತ್ ತಡೆ ಕುಸಿಯುತ್ತದೆ ಅಂತ ಕೋಲ್ ಮತ್ತು ಕರ್ಟಿಸ್ 1938ರಲ್ಲಿ ತೋರಿಸಿದ್ದು ಕಾರಾದ ಹತ್ತಿರದ ಸಂಬಂಧಿ ನೈಟೆಲ್ಲಾ ಪಾಚಿಯಲ್ಲಿ. ಸ್ಕ್ವಿಡ್ ಅನ್ನುವ ಕಡಲ ಪ್ರಾಣಿಯ ನರದಲ್ಲಿ ಅದನ್ನೇ ತೋರಿಸಿದ್ದು ಮರುವರ್ಷ. ನರದ ಪಾಠದಲ್ಲಿ ಪಾಚಿಯ ಹೆಸರನ್ನು ಬಿಟ್ಟರೆ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಪ್ರಶ್ನೆ: ನನ್ನ ಕುಂಡದ ಗಿಡದ ಎಲೆಗಳ ಅಂಚು ಒಣಗಿ ಕಂದು ಆಗುತ್ತಿದೆ. ಪೊಟ್ಯಾಷ್ ಹಾಕಲೇ?

ಉತ್ತರ: ಈಗಲೇ ಬೇಡ. ಮೊದಲು ಯಾವ ಎಲೆಗಳು ಅಂತ ನೋಡಿ. ಪೊಟ್ಯಾಷಿಯಂ ಕೊರತೆ ಇದ್ದರೆ ಗಿಡ ಹಳೆ ಎಲೆಯಿಂದ ಅದನ್ನು ತೆಗೆದು ಚಿಗುರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆಗಳ ಅಂಚು ಮೊದಲು ಹಳದಿಯಾಗಿ ಆಮೇಲೆ ಸುಟ್ಟ ಹಾಗೆ ಆಗುತ್ತದೆ. ಆದರೆ ಉಪ್ಪು ಜಾಸ್ತಿಯಾದರೂ ಅಂಚು ಹೀಗೇ ಸುಡುತ್ತದೆ. ಸೋಡಿಯಂ ಬೇರಿನ ಕೋಶಕ್ಕೆ ನುಗ್ಗಿದಾಗ ಒಳಗಿನ ಋಣ ವೋಲ್ಟೇಜ್ ಇಳಿಯುತ್ತದೆ, ಕೂಡಿಟ್ಟ ಪೊಟ್ಯಾಷಿಯಂ ಹೊರಗೆ ಸೋರುತ್ತದೆ. ಆಗ ಪೊಟ್ಯಾಷ್ ಗೊಬ್ಬರ ಸುರಿದರೆ ಅದೂ ಉಪ್ಪೇ, ಕಷ್ಟ ಇನ್ನೂ ಹೆಚ್ಚುತ್ತದೆ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದೆಯಾ? ಕಟ್ಟಿದ್ದರೆ ಉಪ್ಪಿಲ್ಲದ ನೀರನ್ನು ತಳದ ತೂತಿನಿಂದ ಹರಿದು ಹೋಗುವಷ್ಟು ಎರಡು ಮೂರು ಸಲ ಹಾಕಿ. ಮುಂದೆ ಬರುವ ಹೊಸ ಎಲೆಗಳ ಅಂಚು ನೋಡಿ, ಮತ್ತೆ ಬರೆಯಿರಿ.