ಸೇಂಟ್ ಎಮಿಲಿಯನ್‌ಗೆ ಗೈಡ್ ಟೂರ್ ಬೇಕಾ?

ಫ್ರಾನ್ಸಿನ ಬೋರ್ಡೋ ನಗರದಿಂದ, ವೈನ್‌ಗೆ ಹೆಸರಾದ ಹಳ್ಳಿ ಸೇಂಟ್ ಎಮಿಲಿಯನ್‌ಗೆ ಟೂರ್ ತಗೊಳ್ಳಬೇಕಾ, ರೈಲಲ್ಲೇ ಹೋಗಬಹುದಾ ಅಂತ ಕೇಳಿದ್ದೀರಿ. ಹಳ್ಳಿ ಮಾತ್ರ ನೋಡುವುದಾದರೆ ರೈಲು ಸಾಕು. ನಿಲ್ದಾಣದಿಂದ ಊರಿಗೆ ಸುಮಾರು 20 ನಿಮಿಷದ ನಡಿಗೆ, ದಾರಿಯುದ್ದಕ್ಕೂ ದ್ರಾಕ್ಷಿ ತೋಟ. ಎರಡು ಮೂರು ವೈನರಿಗೂ ಹೋಗಬೇಕು ಅಂದರೆ ಟೂರೇ ವಾಸಿ. ವೈನ್ ರುಚಿ ನೋಡಿ ಕಾರು ಓಡಿಸೋಕಾಗಲ್ಲ, ಅಲ್ವಾ?

ಬುಕ್ ಮಾಡುವ ಮುಂಚೆ ಒಂದು ವಿಚಾರಿಸಿ: ಸುಣ್ಣಕಲ್ಲಿನ ಬಂಡೆಯೊಳಗೆ ಕೊರೆದ ಹಳೇ ಚರ್ಚ್ ಟೂರಲ್ಲಿ ಸೇರಿದೆಯಾ? ಅದರೊಳಗೆ ಗೈಡ್ ಇಲ್ಲದೆ ಬಿಡುವುದಿಲ್ಲ. ಸುಮ್ನೆ ಹೊರಗಿಂದ ಗಂಟೆ ಗೋಪುರ ತೋರಿಸಿ ಮುಗಿಸುವ ಟೂರ್ ಆದರೆ ಬೇಡ. ನನ್ನ ಕೇಳಿದರೆ, ವೈನ್‌ಗಿಂತ ಆ ಚರ್ಚೇ ಜಾಸ್ತಿ ನೆನಪಲ್ಲಿ ಉಳಿಯುತ್ತದೆ.

ಹಾಂ, ಓಣಿಗಳು ಕಡಿದಾಗಿವೆ, ನೆಲಕ್ಕೆ ಕಲ್ಲು ಹಾಸಿದ್ದಾರೆ. ಜಾರದ ಶೂ ಹಾಕಿಕೊಳ್ಳಿ.